ಕಳ್ಳನಿಗೆ 'ಅವನು', ಪೊಲೀಸ್‌ಗೆ 'ಅವರು'. ಪೇಪರ್‌ನವರು ಈ ವ್ಯಾಕರಣ ಎಲ್ಲಿ ಕಲ್ತಾರ್ರಿ?

ಬಿಸಿಲೂರ_ಹುಡುಗ
ಮುಂಜಾನಿ ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ಚಹಾ ಕುಡ್ಕೋತ ಪೇಪರ್ ತಿರುವಿ ಹಾಕ್ಲಿಕತ್ತಿದ್ದೆ. ಒಂದೇ ಪುಟದಾಗ ಎರಡು ಸುದ್ದಿ ಮ್ಯಾಲ ಕೆಳಗ ಕುಂತಾವ. ಮ್ಯಾಲಿಂದು ಮೊಬೈಲ್ ಕದ್ದ 19 ವರ್ಷದ ಹುಡುಗಂದು. ಹೆಡ್ಡಿಂಗು 'ಖತರ್ನಾಕ್ ಖದೀಮ ಅಂದರ್'. ಫೋಟೋ, ಹೆಸರು, ಅಪ್ಪನ ಹೆಸರು, ಓಣಿ ಹೆಸರು ಎಲ್ಲಾ ಹಾಕ್ಯಾರ, ಅವರವ್ವ ಎಲ್ಲಿ ಕೂಲಿಗಿ ಹೋಗ್ತಾಳ ಅನ್ನೋದೊಂದು ಬಿಟ್ಟಾರ.

ಕೆಳಗಿಂದು ಯಾವುದೋ ದೂರದ ಜಿಲ್ಲಾದ ಠಾಣಾ ಅಧಿಕಾರಿದು. ಜೂಜಾಟದ ರೇಡ್‌ದಾಗ ಜಪ್ತಿ ಮಾಡಿದ ರೊಕ್ಕದಾಗ ಅರ್ಧ ಪಂಚನಾಮಾದಾಗ ತೋರಿಸಿ ಅರ್ಧ ಕಿಸೆಕ್ಕ ಹಾಕ್ಕೊಂಡಾನ ಅಂತ. ಹೆಡ್ಡಿಂಗು ಏನ್ ಗೊತ್ತಾ? 'ಕರ್ತವ್ಯಲೋಪ: ಅಧಿಕಾರಿ ಅಮಾನತು'. ಹೆಸರಿಲ್ಲ, ಫೋಟೋ ಇಲ್ಲ. ಒಳಗ 'ಅವರ ವಿರುದ್ಧ ಆರೋಪ ಕೇಳಿಬಂದಿತ್ತು', 'ಹಣ ಪಡೆದಿದ್ದಾರೆ ಎನ್ನಲಾಗಿದೆ'. ಹುಡುಗ ಮಾತ್ರ 'ಕದ್ದು ಪರಾರಿಯಾಗುತ್ತಿದ್ದ', 'ಬಾಯಿಬಿಟ್ಟಿದ್ದಾನೆ'.

ಅಲ್ರೀ, ಇಬ್ರೂ ಮಂದಿ ರೊಕ್ಕಾ ತಗೊಂಡಾರಲ್ಲ. ಒಬ್ಬಂದು ಕಳ್ಳತನ, ಇನ್ನೊಬ್ರದು ಕರ್ತವ್ಯಲೋಪ ಹೆಂಗಾಗ್ತದ? ಲೋಪ ಅಂದ್ರ ಮರ್ತು ಬಿಟ್ಟಿದ್ದು. ಇಂವ ಏನ್ ಮರ್ತು ಕಿಸೆಕ್ಕ ಹಾಕ್ಕೊಂಡ್ನಾ? ಜರಾ ತಿಳ್ದವ್ರು ಹೇಳ್ರಿ.

ತೊಗರಿ_ಕಣಜ
ಭಾಳ ದಿನದಿಂದ ನನ್ನ ತಲಿಯಾಗೂ ಇದೇ ಇತ್ತು ನೋಡು ತಮ್ಮಾ. 'ಅವನು' 'ಅವರು' ಅಂತ ಮಾತ್ರ ಗಮನಿಸಿರಲಿಲ್ಲ. ಇವತ್ತಿಂದ ಪೇಪರ್ ಓದೋದೇ ಕಷ್ಟ ಆಯ್ತು.

ಖಡಕ್_ರೊಟ್ಟಿ
ಸುರು ಆಯ್ತಪ್ಪಾ ಪೊಲೀಸರಿಗೆ ಬೈಯೋದು. ರಾತ್ರಿ ಎರಡಕ್ಕ ಮನಿಗಿ ಕಳ್ಳ ಬಂದ್ರ ಯಾರಿಗೆ ಫೋನ್ ಹಚ್ಚತೀರಿ? 112ಕ್ಕ. ಆಗ 'ಅವರು' ಅಂತೀರಿ.

ಬಿಸಿಲೂರ_ಹುಡುಗ
ಅಣ್ಣಾ ನಾ ಪೊಲೀಸರಿಗೆ ಬೈದೇ ಇಲ್ಲ. ಪೇಪರ್‌ನವ್ರಿಗೆ ಕೇಳ್ಲಿಕತ್ತೀನಿ. ಪೋಸ್ಟ್ ಓದಿ ಕಾಮೆಂಟ್ ಹಾಕು.

ಮಲ್ಲಿಗಿ_ದಂಡಿ
ನಿಮಗ ಅವನು ಅವರು ಕಾಣ್ತದ, ನನಗ ಬ್ಯಾರೆ ಒಂದು ಶಬ್ದ ಚುಚ್ಚತದ. 'ರಾಸಲೀಲೆ'. 2025 ಜನವರಿದಾಗ ಮಧುಗಿರಿ ಡಿವೈಎಸ್‌ಪಿ ವಿಡಿಯೋ ಹೊರಗ ಬಿತ್ತಲ್ಲ, ಜಮೀನು ತಕರಾರು ಅಂತ ದೂರು ಕೊಡಾಕ ಬಂದ ಹೆಣ್ಮಗಳು, ಆಫೀಸ್‌ದಾಗೇ. ಅವನ್ನ ಸಸ್ಪೆಂಡ್ ಮಾಡಿದ್ರು, ಅರೆಸ್ಟೂ ಮಾಡಿದ್ರು. ಟಿವಿ ಹಚ್ಚಿದ್ರ ಇಡೀ ದಿನ 'ಡಿವೈಎಸ್‌ಪಿ ರಾಸಲೀಲೆ' 'ಡಿವೈಎಸ್‌ಪಿ ರಾಸಲೀಲೆ'. ಲೀಲೆ ಅಂತ ಲೀಲೆ! ಕೃಷ್ಣ ಗೋಪಿಕೆಯರ ಕತಿ ಮಾಡ್ಯಾರೇನು ಅದನ್ನ? ನ್ಯಾಯ ಕೇಳ್ಕೊಂಡು ಹ್ವಾದಕಿ ಮುಂದ ಕುರ್ಚಿ ಮ್ಯಾಲ ಕುಂತಾಂವ ಮಾಡಿದ್ದು ಅದು. ಆಕಿ ಒಪ್ಪಿದ್ದಳೋ ಇಲ್ಲೋ ಅನ್ನೋ ಮಾತೇ ಬರಾಂಗಿಲ್ಲ, ಆ ಕುರ್ಚಿ ಮುಂದ ಯಾರು ಒಲ್ಲೆ ಅಂತಾರ. ಆ ಒಂದು ಶಬ್ದದಿಂದ ಅಪರಾಧ ಹೋಗಿ ಮಜಾ ಸುದ್ದಿ ಆಯ್ತು, ಊರ ಮಂದಿಯೆಲ್ಲಾ ವಿಡಿಯೋ ಫಾರ್ವರ್ಡ್ ಮಾಡಿದ್ರು. ನಮ್ಮ ಮನಿ ಗ್ರೂಪಿಗೂ ಬಂತು, ಕಳಿಸ್ದಾಂವ ನಮ್ಮ ಸ್ವಂತ ಮಾಮಾ.

ತೊಗರಿ_ಕಣಜ
ಅಕ್ಕಾ ನೀ ಹೇಳಿದ್ದು ಬರೋಬರ್ ಅದ. ಈ ಶಬ್ದದ ಬಗ್ಗೆ ಹಿಂಗ ಯೋಚನಿನೇ ಮಾಡಿದ್ದಿಲ್ಲ.

ಸುರಪುರದಾಂವ
ಮತ್ತ 'ಬೇಲಿಯೇ ಎದ್ದು ಹೊಲ ಮೇಯ್ದರೆ' ಮರ್ತ್ರೇನು? ಇಪ್ಪತ್ತು ವರ್ಷದಿಂದ ಅದೇ ಹೆಡ್ಡಿಂಗ್ ನಡ್ದದ. ಬೇಲಿಗೇ ಬ್ಯಾಸರಾಗ್ಯದ.

ಖಡಕ್_ರೊಟ್ಟಿ
😂 ಇದಕ್ಕ ಮಾತ್ರ ಲೈಕ್.

ರಾತ್ರಿಪಾಳಿ
ನಾ ಕ್ರೈಂ ಬೀಟ್ ಮಾಡ್ದಾಂವ, 11 ವರ್ಷ. ಯಾವ ಪತ್ರಿಕೆ ಅಂತ ಕೇಳಬ್ಯಾಡ್ರಿ. ಒಳಗಿನ ಮಾತು ಹೇಳ್ತೀನಿ, ಆಮ್ಯಾಲ ಬೈರಿ ಬೇಕಾದ್ರ.

ಕಳ್ಳ ಸಿಕ್ಕ ದಿನ ನಮಗ ಕೆಲಸಾನೇ ಇರೂದಿಲ್ಲ. ಮಧ್ಯಾಹ್ನ ಮೂರರೊಳಗ ಮೊಬೈಲಿನ್ಯಾಗ ಪೊಲೀಸರ ಗ್ರೂಪ್‌ಗೆ ಪ್ರಕಟಣೆ ಬಂದು ಬೀಳ್ತದ. ಹೆಸರು, ವಯಸ್ಸು, ಕಸುಬು, ಊರು, ಎಷ್ಟು ತೊಲಿ ಬಂಗಾರ, ಎಷ್ಟು ಬೈಕು, ಯಾವ ಯಾವ ಸಾಹೇಬ್ರ ಮಾರ್ಗದರ್ಶನ, ತಂಡದಾಗ ಯಾರ್ಯಾರು, ಕಡಿಗಿ 'ಶ್ಲಾಘಿಸಿದ್ದಾರೆ'. ಜೊತಿಗಿ ಫೋಟೋ: ಹಿಂದ ಸಾಲಾಗಿ ಸಾಹೇಬ್ರು ನಿಂತಾರ, ಮುಂದ ಟೇಬಲ್ ಮ್ಯಾಲ ಮಾಲು, ನೆಲಕ್ಕ ಕುಕ್ಕರಗಾಲಿಲೆ ಆರೋಪಿಗಳು. 'ಖದೀಮ' ಅನ್ನೋದು ನಾವ್ ಸೇರಿಸ್ತೀವಿ, ಉಳಿದಿದ್ದು ಅವರೇ ಬರ್ದು ಕೊಟ್ಟಿದ್ದು.

ಪೊಲೀಸೇ ಆರೋಪಿ ಆದ ದಿನ? ಗ್ರೂಪ್‌ದಾಗ ಸುದ್ದೇ ಇಲ್ಲ. ಫೋನ್ ಹಚ್ಚಿದ್ರ 'ಮೀಟಿಂಗ್‌ದಾಗ ಅದೀನ್ರಿ'. ವಕೀಲರು ಯಾರರೇ ಒಂದು ತುಣುಕು ಹೇಳ್ತಾರ, ಆಸ್ಪತ್ರಿ ಕಡಿಂದ ಒಂದು ತುಣುಕು. ಅದನ್ನ ಜೋಡಿಸಿ ಬರದ್ರ ಡೆಸ್ಕಿನವ್ರು 'ಎನ್ನಲಾಗಿದೆ' ಹಾಕ್ತಾರ, ಮಾನನಷ್ಟ ನೋಟಿಸಿನ ಹೆದರಿಕಿ. ಮೊಬೈಲ್ ಕದ್ದ ಹುಡುಗ ನೋಟಿಸ್ ಕಳಸ್ತಾನೇನು? ಅವನ ಹತ್ರ ಜಾಮೀನಿಗೇ ರೊಕ್ಕಿಲ್ಲ.

ಏಕವಚನದ್ದೂ ಒಂದು ಕೇಳ್ರಿ. ಲಂಚ ತಗೊಳೋವಾಗ ಹಿಡಿದ ಒಂದು ಲೋಕಾಯುಕ್ತ ಟ್ರ್ಯಾಪ್ ಸುದ್ದಿ, ಅಧಿಕಾರಿ ಒಬ್ಬ, ಅವನ ಪರವಾಗಿ ರೊಕ್ಕಾ ಮುಟ್ಟಿದ ಪಾನ್ ಅಂಗಡಿ ಹುಡುಗ ಒಬ್ಬ, ಇಬ್ರೂ ಒಂದೇ ನೋಟಿನ ಬಣ್ಣ ಕೈಗಿ ಹಚ್ಕೊಂಡು ಸಿಕ್ಕಿದ್ರು. ನಾ ಇಬ್ರಿಗೂ ಏಕವಚನ ಬರ್ದಿದ್ದೆ. ಮುಂಜಾನಿ ಪೇಪರ್ ನೋಡಿದ್ರ ಅಧಿಕಾರಿ 'ಅವರು' ಆಗ್ಯಾರ, ಹುಡುಗ 'ಅವನು' ಆಗೇ ಉಳದಾನ. ಯಾರ್ ತಿದ್ದಿದ್ರು ಅಂತ ಕೇಳಿದೆ. ಯಾರಿಗೂ ನೆನಪಿಲ್ಲ. ಕೈ ತಾನಾಗೇ ತಿದ್ದಿರ್ತದ.

ಬಿಸಿಲೂರ_ಹುಡುಗ
'ಕೈ ತಾನಾಗೇ ತಿದ್ದಿರ್ತದ'. ನಾ ಕೇಳಿದ್ದಕ್ಕ ಇದೇ ಉತ್ತರ ಅನಸ್ತದ ನೋಡ್ರಿ.

ಕರಿಕೋಟು
ಇಲ್ಲಿ ಹೈಕೋರ್ಟ್ ಪೀಠದಾಗ ಪ್ರಾಕ್ಟೀಸ್ ಮಾಡ್ತೀನಿ. ಎರಡು ತಿದ್ದುಪಡಿ.

ಒಂದು, ನೀವು ಎಲ್ಲಾರೂ ಆ ಅಧಿಕಾರಿ ಹೆಸರು ಯಾಕ ಹಾಕ್ಲಿಲ್ಲ ಅಂತ ಕೇಳ್ಲಿಕತ್ತೀರಿ. ನಾ ಉಲ್ಟಾ ಕೇಳ್ತೀನಿ, ಹುಡುಗನ ಫೋಟೋ ಯಾಕ ಹಾಕಿದ್ರು? ತೀರ್ಪು ಬರೋತನಕ ಇಬ್ರೂ ಆರೋಪಿಗಳೇ. ಅಧಿಕಾರಿಗಿ ತೋರಿಸಿದ ಎಚ್ಚರಿಕಿ ತಪ್ಪಲ್ಲ, ಅದು ಹುಡುಗಗೂ ಸಿಗಬೇಕಾಗಿತ್ತು. ಈ ಕುಕ್ಕರಗಾಲಿ ಫೋಟೋಗಳ ಬಗ್ಗೆ, ಪೊಲೀಸರು ಮಾಧ್ಯಮಕ್ಕ ಏನ್ ಹೇಳಬೇಕು ಏನ್ ಹೇಳಬಾರದು ಅಂತ ಒಂದು ಕೈಪಿಡಿ ಮಾಡ್ರಿ ಅಂತ ಸುಪ್ರೀಂ ಕೋರ್ಟ್ 2023 ಸೆಪ್ಟೆಂಬರ್‌ದಾಗ ಕೇಂದ್ರ ಗೃಹ ಇಲಾಖೆಗೆ ಹೇಳಿತ್ತು. ಫೋಟೋ ಇನ್ನೂ ಬರ್ತೇ ಅದಾವ.

ಎರಡು, 'ಅಮಾನತು' ಅಂದ್ರ ಶಿಕ್ಷೆ ಅಂತ ಮಂದಿ ತಿಳ್ಕೊಂಡಾರ, ಪೇಪರ್‌ನವ್ರೂ ಹಂಗೇ ಬರೀತಾರ. ಅದು ಶಿಕ್ಷೆ ಅಲ್ರಿ. ವಿಚಾರಣೆ ಮುಗಿಯೋತನಕ ಬಾಜೂಕ ಕೂಡಿಸೋದು, ಜೀವನಾಧಾರ ಭತ್ಯೆ ಅಂತ ಸುರುವಿಗೆ ಅರ್ಧ ಸಂಬಳ ಬರ್ತಿರ್ತದ. ನೌಕರಿಯಿಂದ ತೆಗೀಬೇಕಂದ್ರ ಸಂವಿಧಾನದ 311ನೇ ವಿಧಿ ಪ್ರಕಾರ ಇಲಾಖಾ ವಿಚಾರಣೆ ಆಗಬೇಕು. ಅದು ಎಷ್ಟು ವರ್ಷ ಹಿಡೀತದ, ಕಡಿಗಿ ಏನಾಯ್ತು, ಅದನ್ನ ಯಾರೂ ಬರಿಯಂಗಿಲ್ಲ. ಅಮಾನತು ಮುಖಪುಟಕ್ಕ, ವಾಪಸ್ ಡ್ಯೂಟಿಗೆ ಬಂದಿದ್ದು ಯಾವ ಪುಟಕ್ಕೂ ಇಲ್ಲ.

ರಾತ್ರಿಪಾಳಿ
ಒಪ್ಪಿದೆ ವಕೀಲ್ರೇ. ಫಾಲೋಅಪ್ ಮಾಡೂದಿಲ್ಲ ನಾವು, ಅದು ನಮ್ದೇ ತಪ್ಪು. ಆದ್ರ ಪೇಪರ್‌ನವ್ರು ಅಂದ್ರ ಬರೀ ಜೀ ಹುಜೂರ್ ಅನ್ನೋರು ಅಂತ ತಿಳಕೋಬ್ಯಾಡ್ರಿ. ರಾಜಸ್ಥಾನದಾಗ ಏಳೆಂಟು ತಿಂಗಳಿನ್ಯಾಗ 11 ಮಂದಿ ಪೊಲೀಸ್ ಕಸ್ಟಡಿದಾಗ ಸತ್ತಾರ ಅಂತ ಒಂದು ಪತ್ರಿಕೆ ಬರ್ದಿದ್ದು ನೋಡೇ ಸುಪ್ರೀಂ ಕೋರ್ಟ್ 2025 ಸೆಪ್ಟೆಂಬರ್‌ದಾಗ ಠಾಣೆಗಳ ಸಿಸಿಟಿವಿ ಬಗ್ಗೆ ತಾನಾಗೇ ಕೇಸ್ ತಗೊಂಡಿದ್ದು.

ಬೀದರ್_ಬಿದ್ರಿ
ಸಿಸಿಟಿವಿ ಮಾತು ತಗೀಬ್ಯಾಡ್ರಿ ಸರ್. ಎಲ್ಲಾ ದಿನ ಚಾಲೂ ಇರ್ತದ, ಬೇಕಾದ ದಿನ ಮಾತ್ರ 'ಹಾರ್ಡ್ ಡಿಸ್ಕ್ ಕೆಟ್ಟಿತ್ತು'.

ಕರಿಕೋಟು
2020 ಡಿಸೆಂಬರ್‌ದಾಗೇ ಪರಮ್‌ವೀರ್ ಸಿಂಗ್ ಸೈನಿ ಕೇಸಿನ್ಯಾಗ ಆದೇಶ ಆಗ್ಯದ. ದೇಶದ ಪ್ರತಿ ಠಾಣೆದಾಗ, ಲಾಕಪ್, ವರಾಂಡಾ, ಇನ್‌ಸ್ಪೆಕ್ಟರ್ ರೂಮು ಎಲ್ಲಾ ಕಡಿ, ಮಾತೂ ರೆಕಾರ್ಡ್ ಆಗಬೇಕು, ರಾತ್ರಿನೂ ಕಾಣಬೇಕು, 18 ತಿಂಗಳ ಇಡಬೇಕು. ಅಷ್ಟು ಇಡೋ ಸಾಮಾನು ಸಿಗಲಿಲ್ಲಂದ್ರ ಕಮ್ಮೀಲೆ ಕಮ್ಮಿ ಒಂದು ವರ್ಷ. ಕ್ಯಾಮೆರಾ ಚಾಲೂ ಇಡೋ ಜವಾಬ್ದಾರಿ ಆ ಠಾಣೆಯ ಅಧಿಕಾರಿದೇ. ಈಗ ನೀವೇ ಲೆಕ್ಕಾ ಹಾಕ್ರಿ, ಕೀಲಿ ಯಾರ ಕೈಯಾಗ ಅದ ಅಂತ.

ಪೊಲೀಸ್_ಮನಿ_ಮಗಳು
ನಾ ಭಾಳ ಹೊತ್ತು ಸುಮ್ನಿದ್ದೆ. ನಮ್ಮಪ್ಪ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದ್ರು. ಹುಟ್ಟಿ ಬೆಳ್ದಿದ್ದು ಕ್ವಾರ್ಟರ್ಸ್‌ದಾಗ, ಒಂದು ಖೋಲಿ, ಮಳಿ ಬಂದ್ರ ನಾಕು ಕಡಿ ಬುಟ್ಟಿ ಇಡಬೇಕು. ಜಾತ್ರಿ, ಉರುಸು, ಗಣಪತಿ, ಎಲೆಕ್ಷನ್, ಮಂತ್ರಿ ಬಂದ್ರು ಅಂತ ಬಂದೋಬಸ್ತ್, ನಮ್ಮ ಮನ್ಯಾಗ ಒಂದು ದೀಪಾವಳಿಗೂ ಅಪ್ಪ ಇರ್ತಿದ್ದಿಲ್ಲ.

ನಿಮ್ಮ ಅವನು ಅವರು ಲೆಕ್ಕ ಪೂರ್ತಿ ಖರೇ ಅಲ್ಲ. ಅದು ಪೊಲೀಸ್‌ಗ ಸಿಗೋ ಮರ್ಯಾದಿ ಅಲ್ರಿ, ಹೆಗಲ ಮ್ಯಾಲಿನ ಸ್ಟಾರಿಗೆ ಸಿಗೋ ಮರ್ಯಾದಿ. ಕಾನ್‌ಸ್ಟೇಬಲ್ ತಪ್ಪು ಮಾಡಿದ್ರ ಫೋಟೋ, ಹೆಸರು, ಊರು ಎಲ್ಲಾ ಬರ್ತದ, ಮ್ಯಾಲ 'ಪೇದೆ' ಅಂತ ಬ್ಯಾರೆ. ಬೆಂಗಳೂರಾಗ 2025 ನವೆಂಬರ್‌ದಾಗ ಎಟಿಎಂಗೆ ರೊಕ್ಕಾ ಒಯ್ಯೋ ವ್ಯಾನ್ ತಡದು ₹7.11 ಕೋಟಿ ದರೋಡೆ ಆಯ್ತಲ್ಲ, ಅದರಾಗ ಒಬ್ಬ ಕಾನ್‌ಸ್ಟೇಬಲ್‌ಗ ಅರೆಸ್ಟ್ ಮಾಡಿದ್ರು. ಅವನ ಫೋಟೋ ನೋಡದೇ ಇರೋರು ಕರ್ನಾಟಕದಾಗ ಯಾರರೇ ಅದಾರೇನು? ಅಂವ ಮಾಡಿದ್ದು ಸರಿ ಅನ್ಲಿಕತ್ತಿಲ್ಲ, ಹೆಸರು ಬರಲಿ. ದೊಡ್ಡವ್ರದೂ ಹಂಗೇ ಬರಲಿ. ದೊಡ್ಡವ್ರಾದ್ರ 'ಹಿರಿಯ ಅಧಿಕಾರಿಯೊಬ್ಬರು'.

ಇನ್ನೊಂದು, 'ಪೇದೆ' ಅನ್ನಬ್ಯಾಡ್ರಿ. ಕಾನ್‌ಸ್ಟೇಬಲ್ ಅನ್ನಾಕ ಏನಾಗ್ಯದ.

ಮಲ್ಲಿಗಿ_ದಂಡಿ
ತಂಗಿ, ಕ್ವಾರ್ಟರ್ಸಿನ ಮಾತು ಓದಿ ಮನಸಿಗೆ ತ್ರಾಸ ಆಯ್ತು. ಖರೇ ಹೇಳಿದಿ.

ಖಡಕ್_ರೊಟ್ಟಿ
ಇದನ್ನೇ ನಾ ಹೇಳ್ಲಿಕತ್ತಿದ್ದೆ. 2023 ಜೂನ್‌ದಾಗ ನಮ್ಮ ಜೇವರ್ಗಿ ತಾಲೂಕಿನ್ಯಾಗ ಮರಳು ಟ್ರ್ಯಾಕ್ಟರ್ ತಡಿಲಿಕ್ಕೆ ಹ್ವಾದ ಹೆಡ್ ಕಾನ್‌ಸ್ಟೇಬಲ್ ಮ್ಯಾಲ ಟ್ರ್ಯಾಕ್ಟರ್ ಹಾಯಿಸಿ ಕೊಂದ್ರು. 2022 ಸೆಪ್ಟೆಂಬರ್‌ದಾಗ ಗಾಂಜಾ ಹಿಡೀಲಿಕ್ಕೆ ಮಹಾರಾಷ್ಟ್ರ ಗಡಿಗಿ ಹ್ವಾದ ನಮ್ಮ ಸರ್ಕಲ್ ಇನ್‌ಸ್ಪೆಕ್ಟರ್‌ಗ ಗುಂಪು ಕಟ್ಕೊಂಡು ಸಾಯಂಗ ಹೊಡದ್ರು. ಇವೆಲ್ಲಾ ನಾಕು ದಿನ ಸುದ್ದಿ ಆಗಿ ಮರ್ತು ಹ್ವಾದ್ವು. ಅವರ ಬಗ್ಗೆ ಯಾರೂ ಥ್ರೆಡ್ ಹಾಕಂಗಿಲ್ಲ.

ತೊಗರಿ_ಕಣಜ
ಹಾಕು ನೀನೇ. ನಾವೇನ್ ಕೈ ಹಿಡದೀವೇನು.

ಪೊಲೀಸ್_ಮನಿ_ಮಗಳು
@ಖಡಕ್_ರೊಟ್ಟಿ ಅಣ್ಣಾ, ಜೇವರ್ಗಿ ಸುದ್ದಿ ಬಂದ ದಿನ ನಮ್ಮಪ್ಪ ಊಟಾ ಮಾಡಿದ್ದಿಲ್ಲ. ಆದ್ರ ಆ ಸಾವು ತಂದು ಇನ್ಯಾರದೋ ಲಂಚ ಮುಚ್ಚಾಕ ಅಡ್ಡ ಹಿಡೀಬ್ಯಾಡ. ಮರಳಿನವ್ರ ಹತ್ರ ತಿಂಗಳಾ ತಿಂಗಳಾ ರೊಕ್ಕಾ ಎಣಿಸ್ಕೊಳೋರು ಇರೋದ್ರಿಂದನೇ ಟ್ರ್ಯಾಕ್ಟರಿನವಗ ಅಷ್ಟು ಧೈರ್ಯ ಬರ್ತದ ಅಂತ ನಮ್ಮಪ್ಪನೇ ಅಂತಾರ.

ತಮಿಳುನಾಡಿನ ಸಾತಾನ್‌ಕುಲಂ ಕೇಸು ನೆನಪದ ಏನು, 2020 ಜೂನ್, ಲಾಕ್‌ಡೌನ್‌ದಾಗ ಮೊಬೈಲ್ ಅಂಗಡಿ ತಡಾ ಮಾಡಿ ತೆರೆದಿಟ್ರು ಅಂತ ಅಪ್ಪ ಮಗನ್ನ ಒಯ್ದು ಹೊಡದು ಇಬ್ರೂ ಸತ್ರು. ಪೊಲೀಸರು ಬರ್ಕೊಂಡ ಎಫ್‌ಐಆರ್‌ದಾಗ ಏನಿತ್ತು ಗೊತ್ತಾ, ಅವ್ರೇ ನೆಲದ ಮ್ಯಾಲ ಉರುಳಾಡಿ ಗಾಯಾ ಮಾಡ್ಕೊಂಡ್ರು ಅಂತ. ಅದು ಸುಳ್ಳು ಅಂತ ಮ್ಯಾಜಿಸ್ಟ್ರೇಟ್ ಮುಂದ ಹೇಳ್ದಕಿ ಅದೇ ಠಾಣೆದ ಹೆಡ್ ಕಾನ್‌ಸ್ಟೇಬಲ್, ಹೆಣ್ಮಗಳು. ಆಕಿನೂ ಪೊಲೀಸೇ ಮತ್ತ. ನನಗ ಹೆಮ್ಮಿ ಇದ್ರ ಆಕಿ ಮ್ಯಾಲ ಅದ.

ಬೀದರ್_ಬಿದ್ರಿ
ಉರುಳಾಡಿ ಗಾಯಾ... ನಮ್ಮ ಕಡಿ 'ಓಡುವಾಗ ಬಿದ್ದು ಪೆಟ್ಟಾಗಿದೆ', 'ಎದೆನೋವು ಕಾಣಿಸಿಕೊಂಡು'. ಲಾಕಪ್‌ದಾಗ ಇದ್ದಾಂವಗ ಎದಿನೋವು ತಾನಾಗೇ 'ಕಾಣಿಸಿಕೊಳ್ತದ' ನೋಡ್ರಿ.

ಗಣಿತದ_ಮಾಸ್ತರ
ನಿವೃತ್ತ ಮಾಸ್ತರ ನಾನು, ಗಣಿತ ಕಲಿಸಿದರೂ ಕನ್ನಡದ ಮೇಲೆ ಪ್ರೀತಿ. ಕರ್ತೃ ಇಲ್ಲದ ವಾಕ್ಯಗಳನ್ನು ಗಮನಿಸಿ. 'ಗುಂಡು ಹಾರಿದೆ.' ಯಾರು ಹಾರಿಸಿದರು? 'ಲಾಠಿ ಪ್ರಹಾರ ನಡೆಯಿತು.' ತಾನೇ ನಡೆಯಿತೇ? 'ಖಾಕಿ ಗನ್ ಸದ್ದು ಮಾಡಿದೆ.' ಗನ್ನಿಗೆ ಸದ್ದು ಮಾಡುವ ಮನಸ್ಸಾಯಿತು, ಮಾಡಿತು. ಕಳ್ಳನ ಸುದ್ದಿಯಲ್ಲಿ ಮಾತ್ರ ಕರ್ತೃ, ಕರ್ಮ, ಕ್ರಿಯಾಪದ ಮೂರೂ ಹಾಜರು. ಪರೀಕ್ಷೆಯಲ್ಲಿ ಹುಡುಗರು ಹೀಗೆ ಬರೆದಿದ್ದರೆ ಅಂಕ ಕಡಿಯುತ್ತಿದ್ದರು.

ಸುರಪುರದಾಂವ
ಮಾಸ್ತರೇ ನಮಸ್ಕಾರ್ರಿ. ನೀವು ನಮಗ ಗಣಿತದ ಬದ್ಲಿ ಇದನ್ನ ಕಲಿಸಿದ್ರ ಪಾಸಾದ್ರೂ ಆಗ್ತಿದ್ವಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ
ಕಲಬುರ್ಗಿಯವ್ನೇ, ಈಗ ಬೆಂಗ್ಳೂರಲ್ಲಿದೀನಿ. ನಂಗೆ ಇದಕ್ಕಿಂತ ಉರಿಯೋದು ಇನ್ನೊಂದು. ಇಲ್ಲಿ ಯಾವನಾದ್ರೂ ಇನ್‌ಸ್ಪೆಕ್ಟರ್ ಎಡವಟ್ಟು ಮಾಡ್ಕೊಂಡ ಅಂದ್ರೆ ಮಾರನೇ ದಿನ ನ್ಯೂಸು, 'ಶಿಕ್ಷೆಯಾಗಿ ಕಲಬುರಗಿಗೆ ಎತ್ತಂಗಡಿ'. ಇಲ್ಲಾಂದ್ರೆ ಬೀದರ್, ಇಲ್ಲಾಂದ್ರೆ ಯಾದಗಿರಿ. ಆಫೀಸಲ್ಲಿ ನನ್ ಪಕ್ಕ ಕೂರೋನು ಅದನ್ನ ಓದಿ ನಗ್ತಾನೆ, 'ಏನ್ ಗುರೂ ನಿಮ್ಮೂರಿಗೆ ಕಳ್ಸವ್ರೆ ಪಾಪ' ಅಂತ. ಪಾಪ ಅಂತೆ! ನಮ್ಮೂರು ಏನ್ ಅಂಡಮಾನಾ? ಬೆಂಗ್ಳೂರಿಗೆ ಬೇಡವಾದ ಅಧಿಕಾರಿ ಕಲಬುರಗಿಯ ಜನಕ್ಕೆ ಸಾಕು ಅನ್ನೋದು ಎಂಥಾ ಲೆಕ್ಕ?

ತೊಗರಿ_ಕಣಜ
ಇದು ಖರೇ ಮಾತು!! ಬೆಂಗಳೂರಾಗ ಲಂಚ ತಿಂದಾಂವ ಇಲ್ಲಿ ಬಂದ್ರ ಉಪವಾಸ ಮಾಡ್ತಾನೇನು? ಅಲ್ಲಿ ಪೇಪರ್ ಟಿವಿ ಕಣ್ಣಿರ್ತದ, ಇಲ್ಲಿ ಅದೂ ಇಲ್ಲ.

ಬಿಸಿಲೂರ_ಹುಡುಗ
ನಮ್ಮ ಭಾಗಕ್ಕ ಸಂವಿಧಾನದ 371ಜೆ ವಿಧಿ ಕೊಟ್ಟು ವಿಶೇಷ ಸ್ಥಾನಮಾನ ಅಂದ್ರು. ಇದೂ ಅದರಾಗೇ ಬರ್ತದೇನೋ.

ಖಡಕ್_ರೊಟ್ಟಿ
ಆದ್ರ ಒಂದು ಹೇಳ್ತೀನಿ, ಎಪ್ರಿಲ್ ಮೇ ಬಿಸಲಾಗ ಹೊರಗಿನವ್ರಿಗೆ ಖರೇನೇ ಶಿಕ್ಷೆ ಅದು 😄 ನಮ್ಮ ಮ್ಯಾಲ್ಮನಿಗಿ ಮೈಸೂರಿನವ್ರು ಬಾಡಿಗಿ ಬಂದ್ರು, ಎರಡು ಕೂಲರ್ ಹಚ್ಕೊಂಡು ಕುಂತಾರ, ಕರೆಂಟ್ ಬಿಲ್ ನೋಡಿ ಅಳ್ಳಿಕತ್ತಾರ.

ಸುರಪುರದಾಂವ
ಕೂಲರ್‌ದಾಗ ಹುಲ್ಲು ಬದ್ಲಿ ಮಾಡ್ರಿ ಅನ್ನು, ಹಳೆ ಹುಲ್ಲಿಗಿ ತಂಪು ಆಗಂಗಿಲ್ಲ.

ಗಣಿತದ_ಮಾಸ್ತರ
ವಿಷಯಕ್ಕೆ ಬನ್ನಿ.

ಓದಿ_ಸುಸ್ತಾದಾಂವ
ವಿಷಯಕ್ಕೇ ಬರ್ತೀನಿ ಮಾಸ್ತರೇ. ಪಿಎಸ್‌ಐ ಹಗರಣ, ಅಂದ್ರ ಸಬ್ ಇನ್‌ಸ್ಪೆಕ್ಟರ್ ನೇಮಕಾತಿದು. ಕಲಬುರಗಿ ಥ್ರೆಡ್‌ದಾಗ ಇಷ್ಟೊತ್ತನಕ ಯಾರೂ ಅದರ ಹೆಸರು ತಗೀಲಿಲ್ಲಂದ್ರ ಆಶ್ಚರ್ಯ. 2021 ಅಕ್ಟೋಬರ್ 3ರ ಪರೀಕ್ಷಾ, 545 ಪೋಸ್ಟು, 50 ಸಾವಿರಕ್ಕೂ ಹೆಚ್ಚು ಮಂದಿ ಬರ್ದಿದ್ರು, ಅದರಾಗ ನಾನೂ ಒಬ್ಬಾಂವ. ನಮ್ಮೂರಿನ ಒಂದು ಸೆಂಟರಿಂದನೇ ಗಂಟು ಬಿಚ್ಚಿತು, ಓಎಂಆರ್ ಉತ್ತರ ಹಾಳಿ ಖಾಲಿ ಬಿಟ್ಟು ಬಂದವ್ರಿಗೆ ಆಮ್ಯಾಲ ತುಂಬಿದ್ದು, ಬ್ಲೂಟೂತ್‌ದಾಗ ಉತ್ತರ ಹೇಳಿದ್ದು, ಎಲ್ಲಾ. ಸಿಐಡಿಯವ್ರು ಇಲ್ಲಿನ ಒಬ್ಬ ಡಿವೈಎಸ್‌ಪಿ, ಒಬ್ಬ ಸರ್ಕಲ್ ಇನ್‌ಸ್ಪೆಕ್ಟರ್‌ಗ ಅರೆಸ್ಟ್ ಮಾಡಿದ್ರು, 2022 ಜುಲೈದಾಗ ನೇಮಕಾತಿ ವಿಭಾಗದ ಮುಖ್ಯಸ್ಥ ಎಡಿಜಿಪಿಗೂ ಅರೆಸ್ಟ್ ಆಯ್ತು. ಅಷ್ಟು ದೊಡ್ಡ ಅಧಿಕಾರಿ ಒಳಗ ಹೋಗಿದ್ದು ಸಣ್ಣ ಮಾತಲ್ಲ.

ಆದ್ರ ಪೇಪರ್ ಟಿವಿದಾಗ ಏನ್ ಬಂತು? 'ಕಲಬುರಗಿ ಗ್ಯಾಂಗ್', 'ಕಲಬುರಗಿ ಕಿಂಗ್‌ಪಿನ್'. ಪೊಲೀಸ್ ಇಲಾಖೆ ತನ್ನ ಬಾಗಲಾ ತಾನೇ ತೆಗೆದಿದ್ದು ಬಾಜೂಕ ಆಯ್ತು, ಊರಿನ ಹೆಸರು ಕೆಡ್ತು. ನಾ ಆಮ್ಯಾಲ ಬೆಂಗಳೂರಾಗ ಒಂದು ಪ್ರೈವೇಟ್ ಇಂಟರ್‌ವ್ಯೂಗೆ ಹೋದ್ರ ಊರು ಕೇಳಿ 'ಓ ಬ್ಲೂಟೂತಾ' ಅಂದ. ನಕ್ಕ, ನಾನೂ ನಕ್ಕೆ. ಏನ್ ಮಾಡ್ಲಿ.

ಮರುಪರೀಕ್ಷಾ ಆಗಿದ್ದು 2024 ಜನವರಿ. ಮೊದಲಿನ ಪರೀಕ್ಷಾಕ್ಕ ನನಗ 26, ರೈಲಿನ್ಯಾಗ ನಿಂತು ಹೋಗಿದ್ದೆ, ಎರಡನೇ ಸಲಕ್ಕ 28, ಮದುವಿ ಆಗಿ ಒಂದು ಕೂಸು, ಓದೂದು ಎಲ್ಲಿಂದ. ಯಾವ ಪೇಪರ್‌ದಾಗೂ ಇದು 'ಅಪರಾಧ' ಕಾಲಂದಾಗ ಬರಲಿಲ್ಲ, 'ಅಭ್ಯರ್ಥಿಗಳ ಅಸಮಾಧಾನ' ಅಂತ ಬಂತು.

ರಾತ್ರಿಪಾಳಿ
'ಅಭ್ಯರ್ಥಿಗಳ ಅಸಮಾಧಾನ' ಅನ್ನೋ ಹೆಡ್ಡಿಂಗ್ ನಾನೇ ಕೊಟ್ಟಿದ್ದು ಇದ್ರೂ ಇರಬಹುದು ತಮ್ಮಾ. ಮಾಫ್ ಮಾಡು.

ಓದಿ_ಸುಸ್ತಾದಾಂವ
ಇರಲಿ ಬಿಡ್ರಿ ಅಣ್ಣಾ. ಈಗ ಗ್ರಾಮ ಪಂಚಾಯತಿದಾಗ ಅದೀನಿ, ಅಡ್ಡಿಯಿಲ್ಲ.

ಕೃಷ್ಣಾ_ದಂಡಿ
ನಂದು ಯಾದಗಿರಿ ಜಿಲ್ಲಾ. ನಾ ಪೇಪರ್ ಓದೂದು ಕಮ್ಮಿ, ನಿಮ್ಮಷ್ಟು ಭಾಷಾನೂ ಬರಂಗಿಲ್ಲ. ನಂದೊಂದು ಕೇಳ್ರಿ. ಹ್ವಾದ ತಿಂಗಳ ಹೊಲದಾಗಿನ ಮೋಟಾರಿನ ಕೇಬಲ್ ಕದ್ದು ಒಯ್ದಾರ, ನಂದೊಂದೇ ಅಲ್ಲ ನಾಕು ಮಂದಿದು. ಸ್ಟೇಷನ್‌ಗೆ ಹ್ವಾದ್ವಿ. ಏ ಯಾಕಲೇ ಬಂದಿ ಅಂದ ಅಲ್ಲಿದ್ದ ಪೊಲೀಸ. ನನಗ 46 ವರ್ಷ, ಅಂವಗ 30 ಇರಬಹುದು. ಕೇಬಲ್ ಅಂದೆ. ನೀನೇ ಮಾರ್ಕೊಂಡು ಬಂದಿಯೇನಲೇ ಅಂತ ನಕ್ಕ. ಅರ್ಜಿ ಇಸ್ಕೊಂಡ, ಎಫ್‌ಐಆರ್ ಇಲ್ಲ, ಎರಡು ವಾರ ಬಿಟ್ಟು ಹಿಂಬರಹ ಕೊಟ್ಟ, 'ಪತ್ತೆಯಾಗಿರುವುದಿಲ್ಲ' ಅಂತ. ಹುಡುಕಿದ್ರ ಅಲ್ಲಾ ಪತ್ತೆ ಆಗೋದು. ಕೇಬಲ್ ಇಲ್ದೆ ಮೋಟಾರ್ ಬಂದ್, ಮೆಣಸಿನಕಾಯಿ ಒಣಗ್ಲಿಕತ್ತದ. ನೀವು ಪೇಪರ್‌ದಾಗಿನ ಅವನು ಅವರು ಅಂತೀರಿ, ನಮಗ ಸ್ಟೇಷನ್ ಒಳಗ 'ಲೇ' ತಪ್ಪಿದ್ರ ಸಾಕು ಅನಸ್ತದ.

ಮಲ್ಲಿಗಿ_ದಂಡಿ
ಕಾಕಾ, ಇಡೀ ಥ್ರೆಡ್‌ದಾಗ ನಿಮ್ಮ ಮಾತೇ ತೂಕದ್ದು.

ಕರಿಕೋಟು
ಕಾಕಾ, ನಿಮ್ಮದು ಬಗೆಹರಿಯೋ ಮಾತು, ಕೇಳ್ರಿ. ಕಳ್ಳತನದಂಥ ಕೇಸಿಗೆ ಎಫ್‌ಐಆರ್ ಮಾಡೋದು ಠಾಣೆಯವರ ಖುಷಿ ಅಲ್ಲ, ಕಡ್ಡಾಯ. 2013ರಾಗ ಲಲಿತಾ ಕುಮಾರಿ ಕೇಸಿನ್ಯಾಗ ಸುಪ್ರೀಂ ಕೋರ್ಟಿನ ಐದು ಮಂದಿ ನ್ಯಾಯಮೂರ್ತಿಗಳು ಹೇಳ್ಯಾರ. ಠಾಣೆದಾಗ ಒಲ್ಲೆ ಅಂದ್ರ ಅದೇ ದೂರು ಬರ್ದು ರಿಜಿಸ್ಟರ್ ಪೋಸ್ಟಿನ್ಯಾಗ ಎಸ್‌ಪಿ ಸಾಹೇಬ್ರಿಗೆ ಕಳಸ್ರಿ. 2024 ಜುಲೈ 1ರಿಂದ ಬಂದ ಹೊಸ ಕಾನೂನು, ನಾಗರಿಕ ಸುರಕ್ಷಾ ಸಂಹಿತೆ, ಅದರ 173(4) ಕಲಂ ಅಂತ ಬರೀರಿ. ಅಲ್ಲೂ ಆಗಲಿಲ್ಲಂದ್ರ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಪೋಸ್ಟಿನ ರಸೀದಿ ಜ್ವಾಪಾನ ಇಟ್ಕೋರಿ. ನಾಕು ಮಂದಿ ಕೂಡೇ ಸಹಿ ಮಾಡ್ರಿ.

ಕೃಷ್ಣಾ_ದಂಡಿ
ಎಸ್‌ಪಿ ಆಫೀಸಿಗೆ ಬರ್ದಿದ್ದು ತಿರುಗಿ ಅದೇ ಸ್ಟೇಷನ್‌ಗೆ ಬಂದ್ರ? ಆಮ್ಯಾಲ ನಾ ಊರಾಗ ಇರಬೇಕಲ್ರಿ.

ಕರಿಕೋಟು
ಬರ್ತದ, ಸುಳ್ಳ ಹೇಳಂಗಿಲ್ಲ. ಆದ್ರ ಆಗ ಅದು ನಂಬರ್ ಹಾಕ್ಕೊಂಡು ಬರ್ತದ, ಅವರು ಉತ್ತರ ಕೊಡಬೇಕಾಗ್ತದ.

ಬಿಸಿಲೂರ_ಹುಡುಗ
ವಕೀಲ್ರೇ, ಪೊಲೀಸರ ಮ್ಯಾಲ ದೂರು ಕೊಡಾಕ ಬ್ಯಾರೆ ಜಾಗಾನೇ ಇಲ್ಲೇನ್ರಿ? ಪೊಲೀಸ್ ಮ್ಯಾಲಿಂದು ಪೊಲೀಸ್‌ಗೇ ಕೊಡೋದು ಅಂದ್ರ ಅತ್ತಿ ಮ್ಯಾಲಿನ ತಕರಾರು ನಾದಿನಿಗೆ ಹೇಳಿದಂಗ.

ಕರಿಕೋಟು
ಅದ. 2006ರ ಪ್ರಕಾಶ್ ಸಿಂಗ್ ತೀರ್ಪಿನ್ಯಾಗ ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಮಾಡ್ರಿ, ಜಿಲ್ಲೆದಕ್ಕ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರು ಇರಲಿ ಅಂದಿತ್ತು ಕೋರ್ಟು. ನಮ್ಮ ರಾಜ್ಯದಾಗ 2012ರಾಗ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಮಾಡಿದ್ರು, ಆದ್ರ ಜಿಲ್ಲಾ ಪ್ರಾಧಿಕಾರಕ್ಕ ನ್ಯಾಯಾಧೀಶರ ಬದ್ಲಿ ಪ್ರಾದೇಶಿಕ ಆಯುಕ್ತರನ್ನ ಕೂಡಿಸಿದ್ರು. ಡಿವೈಎಸ್‌ಪಿ ದರ್ಜೆತನಕ ಯಾರ ಮ್ಯಾಲಾದ್ರೂ ದೂರು ಕೊಡಬಹುದು. ನಮ್ಮ ವಿಭಾಗದ ಪ್ರಾದೇಶಿಕ ಆಯುಕ್ತರ ಆಫೀಸು ಕಲಬುರಗಿದಾಗೇ ಅದ.

ತೊಗರಿ_ಕಣಜ
ನಾ ಇದೇ ಊರಾಗ ಹುಟ್ಟಿ 41 ವರ್ಷ ಆತು. ಆ ಆಫೀಸಿನ ಮುಂದ ದಿನಾ ಗಾಡಿ ಓಡಿಸ್ತೀನಿ. ಇಂಥಾದೊಂದು ಅದ ಅಂತ ಈಗ ತಿಳೀತು.

ಬೀದರ್_ಬಿದ್ರಿ
ಟ್ರಾಫಿಕ್ ಫೈನ್‌ಗೆ ಸರ್ಕಲ್ ಸರ್ಕಲ್‌ದಾಗ ಬೋರ್ಡ್ ಹಾಕ್ತಾರ, ಇದಕ್ಕ ಒಂದು ಬೋರ್ಡ್ ಇಲ್ಲ.

ರಾತ್ರಿಪಾಳಿ
ವಕೀಲ್ರೇ, ನಾಚಿಕಿ ಬಿಟ್ಟು ಹೇಳ್ತೀನಿ. 11 ವರ್ಷ ಕ್ರೈಂ ಬರ್ದೀನಿ, ಈ ಪ್ರಾಧಿಕಾರದ ಬಗ್ಗೆ ಒಂದೂ ಸುದ್ದಿ ಮಾಡಿಲ್ಲ. ಪ್ರಕಟಣೆ ಬರಲಿಲ್ಲ, ನಾ ಬರೀಲಿಲ್ಲ. ನಾಳಿ ಆಫೀಸಿಗೆ ಹೋಗಿ ಎಷ್ಟು ದೂರು ಬಂದಾವ ಅಂತ ಕೇಳ್ತೀನಿ. ಹೇಳಲಿಲ್ಲಂದ್ರ ಮಾಹಿತಿ ಹಕ್ಕಿನ್ಯಾಗ ಅರ್ಜಿ ಹಾಕ್ತೀನಿ.

ಖಡಕ್_ರೊಟ್ಟಿ
ಬರದ್ರ 'ದೂರು ಬಂದಿವೆ ಎನ್ನಲಾಗಿದೆ' ಅಂತ ಬರೀಬ್ಯಾಡ ಮತ್ತ.

ರಾತ್ರಿಪಾಳಿ
😄 ಇಲ್ಲ ಬಿಡ್ರಿ.

ಪೊಲೀಸ್_ಮನಿ_ಮಗಳು
ನಮ್ಮಪ್ಪಗ ಈ ಥ್ರೆಡ್ ಓದಿ ತೋರಿಸ್ದೆ. ಕಾಕಾನ ಕೇಬಲ್ ಸುದ್ದಿಗಿ ಬಂದಾಗ ಫೋನ್ ಇಸ್ಕೊಂಡು ತಾವೇ ಎರಡು ಸಲ ಓದಿದ್ರು. ಸರ್ವಿಸ್‌ದಾಗ ಇದ್ದಾಗ ತಾವೂ 'ಲೇ' ಅಂದೀನಿ, ಸಾಹೇಬ್ರು ತಮಗ 'ಲೇ' ಅಂತಿದ್ರು, ತಾವು ಬಂದವ್ರಿಗೆ ಅಂತಿದ್ವಿ ಅಂದ್ರು. ಆಮ್ಯಾಲ ಟಿವಿ ಹಚ್ಚಿ ಕುಂತ್ರು, ಮಾತಾಡ್ಲಿಲ್ಲ.

ಸುರಪುರದಾಂವ
...

ಕೃಷ್ಣಾ_ದಂಡಿ
(ಒಂಬತ್ತು ದಿನ ಆದ ಮ್ಯಾಲ) ವಕೀಲ ಸಾಹೇಬ್ರಿಗೆ ಶರಣು. ನೀವು ಹೇಳಿದಂಗ ನಾಕು ಮಂದಿ ಸಹಿ ಹಾಕಿ ರಿಜಿಸ್ಟರ್ ಮಾಡಿದ್ವಿ. ನಿನ್ನಿ ಸ್ಟೇಷನ್‌ದಿಂದ ಫೋನ್ ಬಂತು, ಅದೇ ಹುಡುಗ. 'ಜರಾ ಬಂದು ಹೋಗ್ರಿ' ಅಂದ. ನಾ ರಾಂಗ್ ನಂಬರ್ ಅಂತ ತಿಳದೆ. ಹ್ವಾದ್ರ ಕುರ್ಚಿ ಹಾಕಿದ, ಬರ್ಕೊಂಡ, ಎಫ್‌ಐಆರ್ ಕಾಪಿನೂ ಕೊಟ್ಟ. ಕೂಡ್ರಿ ಅಂದ್ರೂ ನಮ್ಮ ಬಾಜೂ ಹೊಲದಾಂವ ಹೆದರಿ ಕೂಡ್ಲೇ ಇಲ್ಲ.

ಬಿಸಿಲೂರ_ಹುಡುಗ
ಕಾಕಾ!! ಭಾರಿ ಸುದ್ದಿ. ಕೇಬಲ್ ಸಿಕ್ತಾ?

ಕೃಷ್ಣಾ_ದಂಡಿ
ಇಲ್ಲ. ಸಾಲಾ ಮಾಡಿ ಹೊಸಾದು ತಂದೀನಿ. ನಾಕ್ ಸಾಲು ಮೆಣಸಿನಕಾಯಿ ಹ್ವಾದ್ವು, ಉಳದಿದ್ದು ಅಡ್ಡಿಯಿಲ್ಲ.